ಬೈಕಿಗೆ ಎರಡು ಫಾಗ್ ಲೈಟ್ ಹಾಕಬೇಕು, ಹೆಡ್‌ಲೈಟ್ ವೈರಿಗೇ ಜೋಡಿಸಬಹುದಾ?

ಎರಡು ಎಲ್ಇಡಿ ಫಾಗ್ ಲೈಟ್ ತಂದಿದ್ದೀರಿ. ಹೆಡ್‌ಲೈಟ್ ವೈರಿಗೇ ಜೋಡಿಸಿದರೆ ಸಾಕಾ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಬೇಕೇ ಬೇಕಾ ಅಂತ ಕೇಳಿದ್ದೀರಿ. ಹೆಡ್‌ಲೈಟ್ ವೈರಿಗೆ ಜೋಡಿಸಬೇಡಿ, ರಿಲೇ ಹಾಕಿ. ಆದರೆ ಅದಕ್ಕೂ ಮೊದಲು ಫ್ಯೂಸ್ ಬಗ್ಗೆ ಹೇಳಬೇಕು. ಅದೊಂದನ್ನು ತಪ್ಪು ಜಾಗದಲ್ಲಿ ಹಾಕಿ ನನ್ನ ಬೈಕಿಗೆ ಬೆಂಕಿ ಹತ್ತುವುದು ಸ್ವಲ್ಪದರಲ್ಲಿ ತಪ್ಪಿತ್ತು.

ಆಗ ನಾನೇ ಕೂತು ವೈರಿಂಗ್ ಮಾಡಿದ್ದೆ. ರಿಲೇ ಇತ್ತು, ಫ್ಯೂಸೂ ಇತ್ತು. ಫ್ಯೂಸ್ ಬದಲಿಸಲು ಸುಲಭವಾಗಲಿ ಅಂತ ಅದನ್ನು ಮುಂದೆ, ಹೆಡ್‌ಲೈಟ್ ಹಿಂಭಾಗದಲ್ಲಿ ಇಟ್ಟಿದ್ದೆ. ಬ್ಯಾಟರಿಯಿಂದ ಅಲ್ಲಿಗೆ ಸುಮಾರು ಒಂದು ಮೀಟರ್ ವೈರು. ಪೆಟ್ರೋಲ್ ಟ್ಯಾಂಕಿನ ಕೆಳಗೆ ಹಾದು, ಹ್ಯಾಂಡಲ್ ತಿರುಗುವ ಜಾಗದಲ್ಲಿ ಮುಂದಕ್ಕೆ ಬರುತ್ತಿತ್ತು. ಮೂರ್ನಾಲ್ಕು ತಿಂಗಳು ಏನೂ ಆಗಲಿಲ್ಲ. ಒಂದು ಸಂಜೆ ಗಾಡಿ ನಿಲ್ಲಿಸಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ ನೋಡಿ, ಪ್ಲಾಸ್ಟಿಕ್ ಸುಟ್ಟ ವಾಸನೆ. ಟ್ಯಾಂಕಿನ ಕೆಳಗಿಂದ ತೆಳ್ಳಗೆ ಹೊಗೆ. ಕೀ ಆಫ್ ಮಾಡಿದೆ, ಹೊಗೆ ನಿಲ್ಲಲಿಲ್ಲ. ಆ ವೈರು ನೇರ ಬ್ಯಾಟರಿಯಿಂದ ಬಂದದ್ದು, ಕೀಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸೀಟು ತೆಗೆದು ಬ್ಯಾಟರಿ ವೈರು ಕಿತ್ತ ಮೇಲೆಯೇ ನಿಂತದ್ದು. ಕೈ ನಡುಗುತ್ತಿತ್ತು.

ಟ್ಯಾಂಕ್ ಇಳಿಸಿ ನೋಡಿದರೆ, ಚಾಸಿಯ ಒಂದು ಚೂಪು ಅಂಚಿಗೆ ವೈರು ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹೋಗಿತ್ತು. ಉಗುರಿನಷ್ಟು ಜಾಗ, ಅಷ್ಟೇ. ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಫ್ಯೂಸ್ ಮಾತ್ರ ಹೊಸದರ ಹಾಗೆ ಇತ್ತು. ಶಾರ್ಟ್ ಆದದ್ದು ಬ್ಯಾಟರಿಗೂ ಫ್ಯೂಸಿಗೂ ನಡುವೆ, ಹಾಗಾಗಿ ಆ ಕರೆಂಟು ಫ್ಯೂಸಿನೊಳಗೆ ಹೋಗಲೇ ಇಲ್ಲ.

ಫ್ಯೂಸ್ ಇರುವುದು ವೈರನ್ನು ಕಾಯುವುದಕ್ಕೆ. ಅದಕ್ಕೇ ಅದು ಬ್ಯಾಟರಿಯ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಇರಬೇಕು. ಎಷ್ಟು ಹತ್ತಿರವೋ ಅಷ್ಟು ಒಳ್ಳೆಯದು. ಎಷ್ಟು ಆಂಪಿಯರಿನದು ಅನ್ನುವುದಕ್ಕೆ ಲೆಕ್ಕ ಸುಲಭ: 20 ವ್ಯಾಟಿನ ಎರಡು ಲೈಟ್ ಅಂದರೆ 40 ವ್ಯಾಟ್, 12 ವೋಲ್ಟಿಂದ ಭಾಗಿಸಿದರೆ 3.3 ಆಂಪಿಯರ್. 5 ಆಂಪಿಯರ್ ಫ್ಯೂಸ್ ಸಾಕು, 1 ಚದರ ಮಿಲಿಮೀಟರ್ ವೈರು ಆರಾಮಾಗಿ ತಡೆಯುತ್ತದೆ. ಡಬ್ಬಿಯ ಮೇಲೆ ಬರೆದ ವ್ಯಾಟನ್ನು ಮಾತ್ರ ನಂಬಬೇಡಿ, ಜಾಸ್ತಿ ಮಾಡಿ ಬರೆದಿರುವುದೇ ಹೆಚ್ಚು. ಮಲ್ಟಿಮೀಟರಿನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಲೈಟಿನ ಜೊತೆ ಸೀರೀಸಲ್ಲಿ, ಅಂದರೆ ಕರೆಂಟು ಮೀಟರಿನೊಳಗಿಂದಲೇ ಲೈಟಿಗೆ ಹೋಗುವ ಹಾಗೆ ಜೋಡಿಸಿ, ನಿಜವಾಗಿ ಎಷ್ಟು ಎಳೆಯುತ್ತದೆ ಅಂತ ಅಳೆದುಬಿಡಿ. ಮುಂದೆ ಫ್ಯೂಸ್ ಪದೇ ಪದೇ ಹೋದರೆ ಅದರ ಜಾಗಕ್ಕೆ ದೊಡ್ಡದು ಹಾಕಬೇಡಿ, ಎಲ್ಲಿ ಶಾರ್ಟ್ ಆಗುತ್ತಿದೆ ಅಂತ ಹುಡುಕಿ.

ಈಗ ರಿಲೇ. ಹ್ಯಾಂಡಲ್ ಮೇಲಿನ ಸ್ವಿಚ್, ಹೆಡ್‌ಲೈಟಿನ ವೈರು ಎಲ್ಲವನ್ನೂ ಒಂದು ಬಲ್ಬಿನ ಲೆಕ್ಕದಲ್ಲಿ ಮಾಡಿರುತ್ತಾರೆ. ಅದರ ಮೇಲೆ ಇನ್ನೆರಡು ಲೈಟಿನ ಭಾರ ಹೇರಿದರೆ ಸ್ವಿಚ್ಚಿನೊಳಗಿನ ಪಾಯಿಂಟ್ ಬಿಸಿಯಾಗುತ್ತದೆ, ಹೆಡ್‌ಲೈಟೂ ಮಂಕಾಗುತ್ತದೆ. ಎಲ್ಇಡಿಗೆ ಕರೆಂಟು ಕಡಿಮೆ, ರಿಲೇ ಯಾಕೆ ಅನ್ನುವವರಿದ್ದಾರೆ. ಸಣ್ಣ ಲೈಟಿಗೆ ನಡೆಯಲೂಬಹುದು. ಆದರೂ ನಾನು ಬಿಡುವುದಿಲ್ಲ. ಜೋಡಣೆ ಹೀಗೆ: ಫ್ಯೂಸಿನಿಂದ ಬಂದ ವೈರು ರಿಲೇಯಲ್ಲಿ 30 ಅಂತ ಬರೆದಿರುವ ಪಿನ್ನಿಗೆ, 87ರಿಂದ ಲೈಟಿಗೆ. ಕೀ ಆನ್ ಆದಾಗ ಮಾತ್ರ ಜೀವ ಬರುವ ಒಂದು ವೈರು, ಪಾರ್ಕಿಂಗ್ ಲೈಟಿನದು ಅಂತಿಟ್ಟುಕೊಳ್ಳಿ, ಅಲ್ಲಿಂದ ನಿಮ್ಮ ಹೊಸ ಸ್ವಿಚ್ಚಿಗೆ, ಸ್ವಿಚ್ಚಿಂದ 86ಕ್ಕೆ. 85 ಅರ್ಥಿಗೆ, ಅಂದರೆ ಮೈನಸ್ ಕಡೆಗೆ. ರಿಲೇಯ ಕಾಯಿಲ್ (ಒಳಗಿನ ತಂತಿ ಸುರುಳಿ) ಎಳೆಯುವುದು 0.2 ಆಂಪಿಯರಿನ ಆಸುಪಾಸು, ಹಾಗಾಗಿ ಚಿಕ್ಕ ಸ್ವಿಚ್ ಸಾಕು. ಕೀ ತೆಗೆದರೆ ಲೈಟೂ ಆಫ್, ಮರೆತು ಬ್ಯಾಟರಿ ಖಾಲಿಯಾಗುವ ಭಯವಿಲ್ಲ. ನಿಮ್ಮದು ಕ್ಯಾನ್ ಬಸ್ (ಎಲೆಕ್ಟ್ರಾನಿಕ್ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ವೈರಿಂಗ್) ಇರುವ ಹೊಸ ಬೈಕಾದರೆ ಯಾವ ವೈರನ್ನೂ ಕೊಯ್ಯಬೇಡಿ, ಕಂಪನಿ ಕೊಟ್ಟ ಆಕ್ಸೆಸರಿ ಕನೆಕ್ಟರ್ ಇದೆಯಾ ನೋಡಿ.

ಅರ್ಥ್ ವೈರನ್ನು ಸುಮ್ನೆ ಹತ್ತಿರದ ಬೋಲ್ಟಿಗೆ ಕಟ್ಟಿಬಿಡುತ್ತಾರೆ. ಪೇಂಟ್, ತುಕ್ಕು ಅಡ್ಡ ಬಂದು ಲೈಟ್ ಮಿಣಮಿಣ ಅನ್ನುತ್ತದೆ. ಬ್ಯಾಟರಿಯ ಮೈನಸ್‌ವರೆಗೆ ತನ್ನಿ. ಜಾಯಿಂಟುಗಳನ್ನು ತಿರುಚಿ ಟೇಪ್ ಸುತ್ತುವುದು ಬೇಡವೇ ಬೇಡ, ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಕ್ರಿಂಪ್ ಮಾಡಿ, ಅಂದರೆ ಲೋಹದ ಕನೆಕ್ಟರನ್ನು ಇಕ್ಕಳದಲ್ಲಿ ವೈರಿನ ಮೇಲೆ ಒತ್ತಿ ಕೂರಿಸಿ, ಬಿಸಿ ತಾಗಿದರೆ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬೆಸುಗೆ ಗಟ್ಟಿ ಅನಿಸುತ್ತದೆ, ಆದರೆ ಬೆಸುಗೆ ಮುಗಿಯುವ ಕಡೆ ವೈರು ಕಡ್ಡಿಯ ಹಾಗೆ ಸೆಟೆದುಕೊಂಡು, ಗಾಡಿಯ ನಡುಕಕ್ಕೆ ಸರಿಯಾಗಿ ಅಲ್ಲೇ ತುಂಡಾಗುತ್ತದೆ.

ಇಷ್ಟು ಕರೆಂಟು ಕೊಡಲು ಬೈಕಿಗೆ ಶಕ್ತಿ ಇದೆಯಾ ಅನ್ನುವುದನ್ನೂ ನೋಡಬೇಕಲ್ವಾ? ಎಂಜಿನ್ ಓಡುವಾಗ, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಬ್ಯಾಟರಿಯ ಮೇಲೆ ವೋಲ್ಟ್ ಅಳೆಯಿರಿ. ಸಾಮಾನ್ಯವಾಗಿ 13.5ರಿಂದ 14.5ರೊಳಗೆ ಇರುತ್ತದೆ. ಹೊಸ ಲೈಟ್ ಹಾಕಿ, ಬ್ರೇಕ್ ಹಿಡಿದು ಮತ್ತೆ ನೋಡಿ. ಅದೇ ವೇಗದಲ್ಲಿ 13ಕ್ಕಿಂತ ಕೆಳಗೆ ಬಿದ್ದರೆ ಸ್ಟೇಟರಿಗೆ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಭಾಗಕ್ಕೆ) ಭಾರ ಜಾಸ್ತಿಯಾಯಿತು, ಕಡಿಮೆ ವ್ಯಾಟಿನ ಲೈಟ್ ತನ್ನಿ. ಇನ್ನು ಹಳೆಯ ಕೆಲವು ಬೈಕುಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದಲ್ಲ, ನೇರ ಸ್ಟೇಟರಿನ ಎಸಿ (ದಿಕ್ಕು ಬದಲಿಸುತ್ತಲೇ ಇರುವ) ಕರೆಂಟಿನಿಂದ ಉರಿಯುತ್ತದೆ. ಆಕ್ಸಿಲರೇಟರ್ ಜೊತೆ ಬೆಳಕು ಏರಿಳಿದರೆ ಆ ಥರದ್ದೇ ಇರಬಹುದು. ಅಲ್ಲಿಗೆ ಎಲ್ಇಡಿ ಜೋಡಿಸಿದರೆ ಮಿನುಗುತ್ತದೆ, ಕೆಡಲೂಬಹುದು.

ಲೈಟನ್ನು ಹೆಡ್‌ಲೈಟಿಗಿಂತ ಕೆಳಗೆ ಕೂರಿಸಿ, ಬೆಳಕು ರಸ್ತೆಗೆ ಬೀಳುವಷ್ಟು ಬಗ್ಗಿಸಿ. ಎದುರು ಬರುವವರ ಕಣ್ಣು ಕುಕ್ಕಿದರೆ ಅವರಿಗೆ ನೀವೇ ಕಾಣುವುದಿಲ್ಲ.

ಎಲ್ಲ ಮುಗಿದ ಮೇಲೆ ಟ್ಯಾಂಕ್ ಕೂರಿಸುವ ಮೊದಲು ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಲ್ಲಾದರೂ ಬಿಗಿಯುತ್ತದಾ, ಯಾವ ಅಂಚಿಗಾದರೂ ತಾಗುತ್ತದಾ ಅಂತ ಬೆರಳಾಡಿಸಿ ನೋಡಿ. ತಾಗುವ ಕಡೆ ದಪ್ಪ ಸ್ಲೀವ್ ತೊಡಿಸಿ. ಆಮೇಲೆ ಎಂಜಿನ್ ಓಡುತ್ತಿರುವಾಗ ಹತ್ತು ನಿಮಿಷ ಲೈಟ್ ಉರಿಸಿ, ಫ್ಯೂಸ್ ಹೋಲ್ಡರ್ ಮತ್ತು ಒಂದೊಂದು ಜಾಯಿಂಟನ್ನೂ ಮುಟ್ಟಿ ನೋಡಿ. ರಿಲೇ ಸ್ವಲ್ಪ ಬೆಚ್ಚಗಿದ್ದರೆ ಪರವಾಗಿಲ್ಲ. ಯಾವುದಾದರೂ ಜಾಯಿಂಟು ಬಿಸಿ ಅನಿಸಿದರೆ ಅದನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.