ಬೋಳು ಬೇಲಿಗೆ ಬೀಜದಿಂದ ಹೂವು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೇಲಿ, ಕಾಂಪೌಂಡಿನ ಅಂಚಿಗೆ ಹೂ ಬೆಳೆಸುವ ಬಗ್ಗೆಯೇ ಇವೆ. ‘ಬೀಜ ಚೆನ್ನಾಗಿರಲಿಲ್ಲ’ ಎಂಬ ದೂರು ಹಲವರದು. ಅವರು ಬರೆದ ವಿವರ ಓದಿದರೆ ಬೀಜದ ತಪ್ಪು ಕಡಿಮೆ. ಬೇಲಿಯ ಬುಡದ ಒಂದಡಿ ಮಣ್ಣು ಕೆಟ್ಟಿರುತ್ತದೆ, ಇಲ್ಲವೇ ಬಿತ್ತಿದ ತಿಂಗಳು ಸರಿ ಇರುವುದಿಲ್ಲ.

ಪ್ರಶ್ನೆ (ಮೈಸೂರು): ಮನೆಯ ಹಿಂದೆ 20 ಅಡಿ ಉದ್ದ, 5 ಅಡಿ ಎತ್ತರದ ತಂತಿಜಾಲರಿ ಬೇಲಿ ಇದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಬೀಳುತ್ತದೆ. ಬೀಜದಿಂದಲೇ ಹೂಬಳ್ಳಿ ಹಬ್ಬಿಸಬೇಕೆಂದಿದ್ದೇವೆ. ಯಾವ ಬಳ್ಳಿ, ಎಷ್ಟು ಬೀಜ, ಯಾವಾಗ ಬಿತ್ತಬೇಕು?

ಉತ್ತರ: ಐದಾರು ಗಂಟೆ ಬಿಸಿಲಿದ್ದರೆ ಶಂಖಪುಷ್ಪ ಮತ್ತು ಕಾಮಲತೆ ಎರಡನ್ನೂ ಹಬ್ಬಿಸಿ. ಶಂಖಪುಷ್ಪದ ಗಾಢ ನೀಲಿಯ ನಡುವೆ ಕಾಮಲತೆಯ ಕೆಂಪು ನಕ್ಷತ್ರದಂಥ ಹೂಗಳು ಎದ್ದು ಕಾಣುತ್ತವೆ, ಸೂರಕ್ಕಿಗಳೂ ಬರುತ್ತವೆ. ಎರಡೂ ದಾರದಂತೆ ಸುತ್ತಿಕೊಂಡು ಏರುವ ಬಳ್ಳಿಗಳಾದ್ದರಿಂದ ನಿಮ್ಮ ಜಾಲರಿಗೆ ಬೇರೆ ಆಸರೆ ಬೇಡ.

ಬಿತ್ತುವ ಮೊದಲು ಬುಡ ಸರಿಮಾಡಿ. ಬೇಲಿ ನಿಲ್ಲಿಸುವಾಗ ಕಂಬಗಳಿಗೆ ಸುರಿದ ಕಾಂಕ್ರೀಟಿನ ಚೂರು, ಗಾರೆ, ಜಲ್ಲಿ ಎಲ್ಲ ಅಲ್ಲೇ ಹೂತಿರುತ್ತವೆ. ಸಿಮೆಂಟಿನ ಸುಣ್ಣದಂಶ ಮಣ್ಣನ್ನು ಕ್ಷಾರೀಯ ಮಾಡುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದರೆ ಇದೇ ಕಾರಣ. ಬೇಲಿಯುದ್ದಕ್ಕೂ ಒಂದಡಿ ಅಗಲ, ಒಂದಡಿ ಆಳದ ಕಾಲುವೆ ತೆಗೆದು ಕಸವನ್ನೆಲ್ಲ ಹೊರಹಾಕಿ. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿ. ಮೀಟರ್ ಉದ್ದಕ್ಕೆ ಸುಮಾರು ಎರಡು ಬಾಂಡ್ಲಿ ಗೊಬ್ಬರ ಬೇಕಾಗುತ್ತದೆ. ಜೊತೆಗೆ 100 ಗ್ರಾಂ ಬೇವಿನ ಹಿಂಡಿ ಹಾಕಿ. ನೀರು ಹನಿಸುತ್ತ 15 ದಿನ ಬಿಡಿ. ಮಣ್ಣು ಕುಸಿದಲ್ಲಿ ಮತ್ತೆ ತುಂಬಿ. ಕೊಳೆಯದ ಹಸಿಸಗಣಿ ಮಾತ್ರ ಹಾಕಬೇಡಿ. ಅದು ಕೊಳೆಯುವಾಗ ಬರುವ ಕಾವಿಗೆ ಎಳೆಬೇರು ಸುಡುತ್ತದೆ, ಗೊಣ್ಣೆಹುಳುವೂ ಅದರೊಂದಿಗೇ ಬರುತ್ತದೆ.

ಬಿತ್ತನೆಗೆ ಮೇ ಕೊನೆಯಿಂದ ಜೂನ್ ಹದಿನೈದರವರೆಗೆ ಒಳ್ಳೆಯ ಸಮಯ. ಮೊದಲು ಶಂಖಪುಷ್ಪ: ಅಡಿಗೊಂದು ಗುಣಿಯಂತೆ 20 ಗುಣಿ, ಪ್ರತಿಯೊಂದಕ್ಕೂ ಎರಡು ಬೀಜ, ಒಂದರಿಂದ ಒಂದೂವರೆ ಸೆಂಟಿಮೀಟರ್ ಆಳ. ಮೂರು ವಾರ ಕಳೆದ ಮೇಲೆ ಪ್ರತಿ ಮೂರು ಗುಣಿಗೊಮ್ಮೆ ನಡುವೆ ಕಾಮಲತೆಯ ಎರಡು ಬೀಜ ಊರಿ. ಎರಡನ್ನೂ ಒಂದೇ ದಿನ ಬಿತ್ತಿದರೆ ಕಾಮಲತೆ ಓಡಿ ಮೇಲೇರಿ ಶಂಖಪುಷ್ಪವನ್ನು ಮುಚ್ಚಿಬಿಡುತ್ತದೆ. ಎರಡೂ ಸಸಿ ಎದ್ದ ಗುಣಿಯಲ್ಲಿ ಸೊರಗಿದ್ದನ್ನು ಕತ್ತರಿಯಿಂದ ಬುಡಕ್ಕೆ ಕತ್ತರಿಸಿ. ಕಿತ್ತರೆ ಪಕ್ಕದ ಸಸಿಯ ಬೇರೂ ಅಲುಗುತ್ತದೆ. ಶಂಖಪುಷ್ಪದ ತಾಯಿಬೇರು ಬೇಗ ಆಳಕ್ಕಿಳಿಯುವುದರಿಂದ ಕಿತ್ತು ನೆಟ್ಟ ಸಸಿ ಚೇತರಿಸಿಕೊಳ್ಳುವುದು ಕಷ್ಟ. ಹಾಗಾಗಿ ಇದನ್ನು ನೆಲಕ್ಕೇ ಬಿತ್ತಬೇಕು.

ಹೂ ಬರಲು ಎರಡಕ್ಕೂ ಸುಮಾರು ಎರಡು ತಿಂಗಳು. ಯೂರಿಯಾ ಹಾಕಬೇಡಿ. ಶಂಖಪುಷ್ಪ ದ್ವಿದಳ ಜಾತಿಯದು, ಸಾರಜನಕವನ್ನು ಬೇರಿನ ಗಂಟುಗಳಲ್ಲಿ ತಾನೇ ಕೂಡಿಟ್ಟುಕೊಳ್ಳುತ್ತದೆ. ಮೇಲಿನಿಂದ ಯೂರಿಯಾ ಕೊಟ್ಟರೆ ಎಲೆಯೇ ಎಲೆ.

ಬಳ್ಳಿ ಮೇಲೇರಿದಂತೆ ಕೆಳಗಿನ ಒಂದೂವರೆ ಅಡಿ ಬೋಳಾಗುವುದು ಸಹಜ. ಅದನ್ನು ಮುಚ್ಚಲು ಮುಂದೆ ಒಂದು ಸಾಲು ಗಿಡ್ಡ ಚೆಂಡುಹೂ, ಫ್ರೆಂಚ್ ಜಾತಿಯದು, ಮುಕ್ಕಾಲು ಅಡಿಗೊಂದರಂತೆ ಹಾಕಿ. ಒಂದು ಎಚ್ಚರಿಕೆ: ಕಾಮಲತೆಯ ಬೀಜ ಉದುರಿ ಮುಂದಿನ ಮಳೆಗೆ ನೂರಾರು ಸಸಿ ಏಳುತ್ತವೆ. ಮನೆಯಂಗಳದಲ್ಲಾದರೆ ಕಿತ್ತು ಹಾಕಬಹುದು. ಕಾಡಂಚಿನಲ್ಲಿ ಮನೆ ಇರುವ ಮಲೆನಾಡಿನ ಓದುಗರು ಇದನ್ನು ಬಿತ್ತದಿರುವುದೇ ಒಳ್ಳೆಯದು.

ಪ್ರಶ್ನೆ (ಹಾವೇರಿ): ನಮ್ಮದು ಸಪಾಟು ಸಿಮೆಂಟ್ ಹಲಗೆಯ ಕಾಂಪೌಂಡ್. ಶಂಖಪುಷ್ಪದ 20 ಬೀಜ ಹಾಕಿದರೆ ಮೂರೇ ಮೊಳೆತವು. ಅವೂ ಗೋಡೆ ಹಿಡಿಯದೆ ನೆಲದ ಮೇಲೆ ಬಿದ್ದಿವೆ.

ಉತ್ತರ: ಉಳಿದ ಹದಿನೇಳು ಬೀಜ ಸತ್ತಿರಲಾರವು, ಮಣ್ಣಿನಲ್ಲಿ ಹಾಗೇ ಕೂತಿರುತ್ತವೆ. ಶಂಖಪುಷ್ಪದ ಸಿಪ್ಪೆ ಗಟ್ಟಿ, ನೀರು ಒಳಗಿಳಿಯುವುದಿಲ್ಲ. ಇನ್ನೊಮ್ಮೆ ಬಿತ್ತುವಾಗ ಪ್ರತಿ ಬೀಜದ ಒಂದು ಬದಿಯನ್ನು ಉಪ್ಪುಕಾಗದದ ಮೇಲೆ ನಾಲ್ಕೈದು ಸಲ ಉಜ್ಜಿ. ಕಪ್ಪು ಹೋಗಿ ಒಳಗಿನ ತಿಳಿಬಣ್ಣ ಕಂಡರೆ ಸಾಕು. ಮೊಳಕೆ ಹೊರಡುವ ಚುಕ್ಕೆಯ ಬದಿಯನ್ನು ಮುಟ್ಟಬೇಡಿ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಉಬ್ಬಿದವನ್ನು ಆರಿಸಿ ಬಿತ್ತಿ. ಉಬ್ಬದವನ್ನು ಮತ್ತೆ ಉಜ್ಜಿ ನೆನೆಹಾಕಿ. ಇಪ್ಪತ್ತನಾಲ್ಕು ಗಂಟೆ ಮೀರಿ ನೆನೆಸಿದರೆ ಉಸಿರುಕಟ್ಟಿ ಕೊಳೆಯುತ್ತವೆ. ಹೀಗೆ ಮಾಡಿದ ಬೀಜ ಐದರಿಂದ ಹತ್ತು ದಿನದಲ್ಲಿ ಮೊಳೆಯುತ್ತದೆ.

ಸುತ್ತುಬಳ್ಳಿಗೆ ಸಪಾಟು ಗೋಡೆ ಆಸರೆಯಾಗದು. ದಪ್ಪ ಕಂಬವನ್ನೂ ಅದು ಸುತ್ತಲಾರದು. ಬೆರಳಿಗಿಂತ ಸಣ್ಣದಾದದ್ದೇ ಬೇಕು. ಗೋಡೆಯ ಮೇಲೂ ಕೆಳಗೂ ಒಂದೊಂದು ತಂತಿ ಎಳೆದು, ನಡುವೆ ಅರ್ಧ ಅಡಿಗೊಂದರಂತೆ ತೆಂಗಿನ ಹುರಿ ಬಿಗಿಯಿರಿ. ಹುರಿ ಗೋಡೆಯಿಂದ ಎರಡಿಂಚು ದೂರವಿರಲಿ. ನೈಲಾನ್ ಬಲೆ ಅಗ್ಗ, ಆದರೆ ಬಳ್ಳಿ ಒಣಗಿದ ಮೇಲೆ ಒಂದೊಂದೇ ಎಳೆ ಬಿಡಿಸುತ್ತ ಕೂರಬೇಕು. ಹುರಿಯಾದರೆ ಬಳ್ಳಿಯ ಸಮೇತ ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಬಹುದು. ಬೀಜವನ್ನು ಗೋಡೆಗೆ ಅಂಟಿಸಿದಂತೆ ಬಿತ್ತಬೇಡಿ. ಗೋಡೆಯ ಮರೆಗೆ ಮಳೆನೀರು ಬೀಳದೆ ಬುಡ ಯಾವಾಗಲೂ ಒಣಗಿರುತ್ತದೆ. ಮುಕ್ಕಾಲು ಅಡಿ ಬಿಟ್ಟು ಬಿತ್ತಿ, ಎಳೆಬಳ್ಳಿಗೆ ಸಣ್ಣ ಕಡ್ಡಿ ಓರೆಯಾಗಿ ನೆಟ್ಟು ಹುರಿಯವರೆಗೆ ದಾರಿ ಮಾಡಿಕೊಡಿ.

ಪ್ರಶ್ನೆ (ಶಿವಮೊಗ್ಗ): ಚೆಂಡುಹೂವಿನ ಬೀಜವನ್ನು ಟ್ರೇಯಲ್ಲಿ ಹಾಕಿದ್ದೆವು. ಎಲ್ಲ ಎದ್ದವು. ಹತ್ತು ದಿನದಲ್ಲಿ ಬುಡ ಸಣ್ಣಗಾಗಿ ಗುಂಪುಗುಂಪಾಗಿ ಮಲಗಿದವು. ಉಳಿದವನ್ನು ಇರುವೆ, ಬಸವನಹುಳು ಮುಗಿಸಿದವು.

ಉತ್ತರ: ಇದು ಸಸಿ ಕೊಳೆರೋಗ. ಮಣ್ಣಿನ ಶಿಲೀಂಧ್ರ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸುತ್ತದೆ. ಮಲಗಿದ ಸಸಿ ಮತ್ತೆ ಏಳುವುದಿಲ್ಲ. ಅದನ್ನು ಮಣ್ಣಿನ ಸಮೇತ ತೆಗೆದುಹಾಕಿ. ಸುತ್ತಲಿನ ಸಸಿಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಔಷಧಿ ಕದಡಿ ಸುರಿದರೆ ಹರಡುವುದು ನಿಲ್ಲಬಹುದು.

ಕಾರಣಗಳು ಮೂರು: ದಟ್ಟ ಬಿತ್ತನೆ, ಸಂಜೆಯ ನೀರು, ಬಸಿಯದ ಮಣ್ಣು. ತೋಟದ ಮಣ್ಣನ್ನು ಟ್ರೇಗೆ ಹಾಕಬೇಡಿ. ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಗೊಬ್ಬರ ಒಂದು ಪಾಲು ಸಾಕು. ನಾರಿನ ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ, ಹಾಗಾಗಿ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಲೇಬೇಕು. ಕಿಲೋ ಎರೆಗೊಬ್ಬರಕ್ಕೆ 10 ಗ್ರಾಂ ಟ್ರೈಕೋಡರ್ಮ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ಒದ್ದೆ ಗೋಣಿ ಮುಚ್ಚಿ, 10-15 ದಿನ ನೆರಳಲ್ಲಿಟ್ಟು ಬಳಸಿದರೆ ರೋಗ ಬರುವುದೇ ಕಡಿಮೆ. ಟ್ರೈಕೋಡರ್ಮ ಹಾಕಿದಲ್ಲಿ ತಾಮ್ರದ ಔಷಧಿ ಬೇಡ. ಟ್ರೈಕೋಡರ್ಮವೂ ಶಿಲೀಂಧ್ರವೇ, ಅದೂ ಸಾಯುತ್ತದೆ. ಕುಳಿಗೊಂದೇ ಬೀಜ, ಅರ್ಧ ಸೆಂಟಿಮೀಟರ್ ಆಳ. ನೀರು ಬೆಳಿಗ್ಗೆ ಮಾತ್ರ, ಸಣ್ಣ ತೂತಿನ ಜಾಲರಿ ಮೂತಿಯ ಕ್ಯಾನಿನಿಂದ.

ಇರುವೆಗಳಿಗೆ ಚೆಂಡುಹೂ, ಜಿನಿಯಾ ಬೀಜ ಬಲು ಇಷ್ಟ. ಟ್ರೇ ಇಟ್ಟ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಬೂದಿ ಒಣಗಿದ್ದಾಗಷ್ಟೇ ತಡೆಯುತ್ತದೆ, ಮಳೆಗಾಲಕ್ಕೆ ಉಪಯೋಗವಿಲ್ಲ. ಬಸವನಹುಳುವಿಗೆ ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಇಡಿ. ಬೆಳಿಗ್ಗೆ ಅಡಿಯಲ್ಲಿ ಸೇರಿದ್ದನ್ನು ಕೈಗವಸು ತೊಟ್ಟು ಆರಿಸಿ ಉಪ್ಪುನೀರಿಗೆ ಹಾಕಿ. ಉಪ್ಪನ್ನು ಗಿಡದ ಬುಡಕ್ಕೆ ಮಾತ್ರ ಸುರಿಯಬೇಡಿ.

ಪ್ರಶ್ನೆ (ಉಡುಪಿ): ಕೆಂಪುಕಲ್ಲಿನ ಕಾಂಪೌಂಡಿನ ಪಕ್ಕ ಜೂನಿನಲ್ಲಿ ಜಿನಿಯಾ ಬಿತ್ತಿದೆವು. ಮಳೆಗೆ ಎಲ್ಲ ಹೋಯಿತು. ನಮ್ಮೂರಿಗೆ ಏನು ಸರಿ?

ಉತ್ತರ: ಕರಾವಳಿಯ ಆಷಾಢದ ಮಳೆಗೆ ಜಿನಿಯಾ ನಿಲ್ಲುವುದಿಲ್ಲ. ಎಲೆಚುಕ್ಕೆ ಬರುತ್ತದೆ, ಬುಡ ಕೊಳೆಯುತ್ತದೆ. ಮಳೆಗಾಲಕ್ಕೆ ನಿಮ್ಮ ಹೂ ಕರ್ಣಕುಂಡಲ. ಇದರ ಬಳಗದ ಹತ್ತಾರು ಕಾಡುಜಾತಿಗಳು ಪಶ್ಚಿಮಘಟ್ಟದ ಮಳೆಯಲ್ಲೇ ಅರಳುವಂಥವು. ನೆಲದಿಂದ ಅರ್ಧ ಅಡಿ ಎತ್ತರದ ಮಡಿ ಮಾಡಿ, ಮುಂಗಾರು ಬಿರುಸಾಗುವ ಮೊದಲೇ, ಮೇ ಮಧ್ಯದಲ್ಲಿ ಬಿತ್ತಿ. ಸಸಿ ನಾಲ್ಕೆಲೆಯಾಗಿರುವಾಗ ಮಳೆ ಹಿಡಿದರೆ ತೊಂದರೆಯಿಲ್ಲ. ಗೌರಿ-ಗಣೇಶ ಹಬ್ಬಕ್ಕೆ ಹೂ ಬೇಕಾದರೆ ಜೂನ್ ಮಧ್ಯದಲ್ಲಿ ಸೂರಿನಡಿ ಇನ್ನೊಂದು ಕಂತು ಸಸಿ ಮಾಡಿ ಮಡಿಗೆ ನೆಡಿ.

ಜಿನಿಯಾ, ಗೊಂಡೆ (ಚೆಂಡುಹೂ), ಶಂಖಪುಷ್ಪ ಎಲ್ಲವನ್ನೂ ಸೆಪ್ಟೆಂಬರ್ ಕೊನೆಗೆ, ಮಳೆ ಇಳಿದ ಮೇಲೆ ಬಿತ್ತಿ. ನಿಮ್ಮ ಮಣ್ಣಿನ ಸಮಸ್ಯೆ ಮೈಸೂರಿನವರದಕ್ಕೆ ತದ್ವಿರುದ್ಧ. ಕೆಂಪುಕಲ್ಲಿನ ಮಣ್ಣು ಹುಳಿ, ಮಳೆ ಪೋಷಕಾಂಶವನ್ನೆಲ್ಲ ತೊಳೆದಿರುತ್ತದೆ. ಬಿತ್ತುವ ಎರಡು ಮೂರು ವಾರ ಮೊದಲು ಚದರ ಮೀಟರಿಗೆ 100 ಗ್ರಾಂ ಕೃಷಿ ಸುಣ್ಣ ಬೆರೆಸಿ. ಗೊಬ್ಬರವನ್ನು ಸುಣ್ಣದ ಜೊತೆಗೇ ಹಾಕದೆ ಅದಾದ ಮೇಲೆ ಹಾಕಿ. ಒಟ್ಟಿಗೆ ಬಿದ್ದರೆ ಗೊಬ್ಬರದ ಸಾರಜನಕ ಹಾರಿಹೋಗುತ್ತದೆ.

ಪ್ರಶ್ನೆ (ಬೆಂಗಳೂರು): ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿ ಬಂದು, ಬೇಲಿಗೆ ತೂಗುಹಾಕುವ ಕುಂಡಗಳಿಗಾಗಿ ಪೆಟೂನಿಯಾ ಬಿತ್ತಿದೆ. ಒಂದೂ ಬರಲಿಲ್ಲ.

ಉತ್ತರ: ಪ್ರದರ್ಶನದಲ್ಲಿ ಹೂ ಕಂಡಿತೆಂದರೆ ಅದರ ಬಿತ್ತನೆ ಕಾಲ ಮುಗಿದು ತಿಂಗಳುಗಳಾದವು ಎಂದರ್ಥ. ಪೆಟೂನಿಯಾಕ್ಕೆ ಬೀಜದಿಂದ ಹೂವಿಗೆ ಸುಮಾರು 12 ವಾರ ಬೇಕು. ಸೆಪ್ಟೆಂಬರಿನಲ್ಲಿ ಬಿತ್ತಿ. ಬೀಜ ಧೂಳಿನಷ್ಟು ಸಣ್ಣದು, ಗ್ರಾಮಿಗೆ ಸುಮಾರು 10,000. ಮಣ್ಣು ಮುಚ್ಚಿದರೆ ಮೊಳೆಯದು, ಅದಕ್ಕೆ ಬೆಳಕು ಬೇಕು. ಒಣ ಮರಳಿನಲ್ಲಿ ಬೆರೆಸಿ ಒದ್ದೆ ನಾರಿನ ಪುಡಿಯ ಮೇಲೆ ಉದುರಿಸಿ, ಪಾರದರ್ಶಕ ಮುಚ್ಚಳ ಹಾಕಿ, ನೀರನ್ನು ಟ್ರೇಯ ಕೆಳಗಿನಿಂದ ಹೀರಿಸಿ. ಮೊಳಕೆ ಕಂಡ ದಿನವೇ ಮುಚ್ಚಳ ತೆಗೆಯಿರಿ. ಉಳಿದ ಬೀಜವನ್ನು ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ.

ಪ್ರಶ್ನೆ (ಕಲಬುರಗಿ): ಎರೆಮಣ್ಣು, ತಗಡಿನ ಬೇಲಿ, ಬಿಸಿಲಂತೂ ಕೇಳಬೇಡಿ. ಏನಾದರೂ ಬೆಳೆಯುತ್ತದೆಯೇ?

ಉತ್ತರ: ಬೆಳೆಯುತ್ತದೆ, ಆದರೆ ತಗಡಿಗೆ ಬಳ್ಳಿ ಹಬ್ಬಿಸಬೇಡಿ. 40 ಡಿಗ್ರಿ ದಾಟಿದ ದಿನ ಕಾದ ತಗಡಿಗೆ ತಾಗಿದ ಕುಡಿ ಕರಕಲಾಗುತ್ತದೆ. ತಗಡಿನಿಂದ ಒಂದೂವರೆ ಅಡಿ ಬಿಟ್ಟು ಅರ್ಧ ಅಡಿ ಎತ್ತರದ ಏರು ಮಾಡಿ ಗಿಡಗಳ ಸಾಲು ಹಾಕಿ. ಎರೆಮಣ್ಣಿನ ತಗ್ಗಿನಲ್ಲಿ ನೀರು ನಿಂತು ಬೀಜ ಕೊಳೆಯುತ್ತದೆ. ಒಣಗಿದರೆ ಬಿರುಕುಬಿಟ್ಟು ಬೇರು ಹರಿಯುತ್ತದೆ. ಒಂದಿಷ್ಟು ಮರಳು ಬೆರೆಸಿದರೆ ಪ್ರಯೋಜನವಿಲ್ಲ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವೇ ಈ ಮಣ್ಣನ್ನು ಸಡಿಲ ಮಾಡಬೇಕು.

ಹಿಂದಿನ ಸಾಲಿಗೆ ಸಂಜೆಮಲ್ಲಿಗೆ, ಒಂದೂವರೆಯಿಂದ ಎರಡಡಿ ಅಂತರ. ಮೆಣಸಿನ ಕಾಳಿನಷ್ಟಿರುವ ಕಪ್ಪು ಬೀಜವನ್ನು ರಾತ್ರಿ ನೆನೆಸಿ ಊರಿದರೆ 7-10 ದಿನದಲ್ಲಿ ಏಳುತ್ತದೆ. ಬೇಸಿಗೆಯಲ್ಲಿ ಮೇಲ್ಭಾಗ ಒಣಗಿದರೂ ಗೆಡ್ಡೆ ಉಳಿದು ಮಳೆಗೆ ಮತ್ತೆ ಚಿಗುರುತ್ತದೆ. ಮುಂದಿನ ಸಾಲಿಗೆ ನಿತ್ಯಪುಷ್ಪ. ಇದು ಪೆಟೂನಿಯಾಕ್ಕೆ ವಿರುದ್ಧ, ಕತ್ತಲೆಯಲ್ಲಿ ಮೊಳೆಯುತ್ತದೆ. ಟ್ರೇಯ ಮೇಲೆ ಒದ್ದೆ ಗೋಣಿ ಮುಚ್ಚಿಟ್ಟು, ಮೊಳಕೆ ಕಂಡ ಕೂಡಲೇ ತೆಗೆಯಿರಿ. ಬಿಸಿಲಿಗೆ ಇದು ಸಾಯುವುದಿಲ್ಲ, ಅತಿನೀರಿಗೆ ಸಾಯುತ್ತದೆ. ನಡುವೆ ಕಿತ್ತಳೆ ಕಾಸ್ಮಾಸ್ ಎರಚಿ, ಅದಕ್ಕೆ ಗೊಬ್ಬರ ಕಡಿಮೆಯಿದ್ದಷ್ಟೂ ಹೂ ಹೆಚ್ಚು. ಬಿತ್ತನೆ ಜೂನ್‌ನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ.

ಪ್ರಶ್ನೆ (ತುಮಕೂರು): ದಸರೆಗೆ ಬೇಲಿ ತುಂಬ ಚೆಂಡುಹೂ ಬೇಕು. ಹೋದ ವರ್ಷದ ದಪ್ಪ ಹೂವಿನಿಂದ ತೆಗೆದ ಬೀಜ ಹಾಕಿದರೆ ಸಣ್ಣ, ತೆಳು ಹೂಗಳೇ ಬಂದವು.

ಉತ್ತರ: ಅದು ಹೈಬ್ರಿಡ್ ತಳಿಯಾಗಿತ್ತು. ಹೈಬ್ರಿಡ್ಡಿನ ಬೀಜ ತಾಯಿಯಂತೆ ಬರುವುದಿಲ್ಲ. ಬೀಜ ಉಳಿಸುವ ಆಸೆಯಿದ್ದರೆ ಪೂಸಾ ನಾರಂಗಿ, ಪೂಸಾ ಬಸಂತಿಯಂಥ ಸಾಮಾನ್ಯ ತಳಿ ಕೊಳ್ಳಿ. ಹೂ ಗಿಡದಲ್ಲೇ ಪೂರ್ತಿ ಒಣಗಿ ತೊಟ್ಟು ಕಂದಾದ ಮೇಲೆ ಕಿತ್ತು, ನೆರಳಲ್ಲಿ ಒಂದು ವಾರ ಒಣಗಿಸಿ, ಕಾಗದದ ಲಕೋಟೆಯಲ್ಲಿಟ್ಟು ತಿಂಗಳು ಬರೆಯಿರಿ. ಮಳೆಯಲ್ಲಿ ನೆನೆದ ಹೂವಿನ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಅದನ್ನು ಬಿಟ್ಟುಬಿಡಿ.

ಲೆಕ್ಕ ಹೀಗೆ: ಸಸಿಗೆ 25-30 ದಿನ, ನೆಟ್ಟ ಮೇಲೆ ಹೂವಿಗೆ ಸುಮಾರು 60 ದಿನ. ಆಯುಧಪೂಜೆಯಿಂದ 90 ದಿನ ಹಿಂದಕ್ಕೆ ಎಣಿಸಿ ಬಿತ್ತಿ, ಹತ್ತು ದಿನ ಬಿಟ್ಟು ಇನ್ನೊಂದು ಕಂತು ಬಿತ್ತಿ. ಅಂತರ ಒಂದೂವರೆ ಅಡಿ. ನೆಟ್ಟ ತಿಂಗಳಿಗೆ ತುದಿ ಚಿವುಟಿದರೆ ಹೂ ವಾರದಷ್ಟು ತಡವಾಗುತ್ತದೆ, ಆದರೆ ಗಿಡ ಕವಲೊಡೆದು ಹೂವಿನ ಸಂಖ್ಯೆ ಏರುತ್ತದೆ. ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ಕೆಂಪು ಜೇಡನುಸಿ. ಎಲೆಯಡಿಗೆ ರಭಸವಾಗಿ ನೀರು ಹೊಡೆಯಿರಿ. ಸಂಜೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪುನೀರು ಬೆರೆಸಿ ಸಿಂಪಡಿಸಿ, ವಾರದ ಮೇಲೆ ಮತ್ತೊಮ್ಮೆ.

ಪ್ರಶ್ನೆ (ಹಾಸನ): ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಈ ಹೂಗಳಲ್ಲಿ ವಿಷದವು ಇವೆಯೇ?

ಉತ್ತರ: ಇವೆ. ಸಂಜೆಮಲ್ಲಿಗೆಯ ಬೀಜ ಮತ್ತು ಗೆಡ್ಡೆ, ಕಾಮಲತೆಯ ಬೀಜ, ನಿತ್ಯಪುಷ್ಪದ ಇಡೀ ಗಿಡ ಹೊಟ್ಟೆಗೆ ಹೋಗಬಾರದು. ಸಂಜೆಮಲ್ಲಿಗೆಯ ಬೀಜ ಕಾಳುಮೆಣಸಿನಂತೆಯೇ ಕಾಣುವುದರಿಂದ ಅಡುಗೆಮನೆಯಲ್ಲಿ ಒಣಗಿಸಲೂ ಇಡಬೇಡಿ. ಅಂಬೆಗಾಲಿಡುವ ಮಗುವಿರುವ ಮನೆಯ ಬೇಲಿಗೆ ಜಿನಿಯಾ, ಕಾಸ್ಮಾಸ್, ಸೂರ್ಯಕಾಂತಿ ಹಾಕಿ. ಅಂಗಡಿಯ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದ ಬೀಜವನ್ನು ಮಕ್ಕಳ ಕೈಗೆ ಕೊಟ್ಟು ಬಿತ್ತಿಸಬೇಡಿ. ಮಕ್ಕಳಿಂದ ಬಿತ್ತಿಸುವ ಆಸೆಯಿದ್ದರೆ ಮನೆಯಲ್ಲೇ ಒಣಗಿಸಿದ ಜಿನಿಯಾ ಬೀಜ ಕೊಡಿ. ನಾಲ್ಕರಿಂದ ಆರು ದಿನದಲ್ಲಿ ಮೊಳಕೆ ಕಾಣುತ್ತದೆ, ಅಷ್ಟು ದಿನ ಕಾಯುವ ತಾಳ್ಮೆ ಮಕ್ಕಳಿಗಿರುತ್ತದೆ.