671121ರ ಒಳಗೇನಿದೆ?

ಪ್ರಶ್ನೆ: ಏಳನೇ ತರಗತಿಯ ಮಕ್ಕಳಿಗೆ ನಮ್ಮ ಕಾಸರಗೋಡಿನ ಪಿನ್‌ಕೋಡ್ 671121 ಕೊಟ್ಟು ಅವಿಭಾಜ್ಯ ಅಪವರ್ತನಗಳನ್ನು ಬರೆಯಲು ಹೇಳಿದೆ. ಹಲವರು 9 × 74569 ಎಂದು ಬರೆದು ನಿಲ್ಲಿಸಿದರು. ಒಬ್ಬಳು, ಕೊನೆಯಲ್ಲಿ 121 ಇರುವುದರಿಂದ ಮತ್ತು 671 ಕೂಡ 11ರ ಗುಣಕವಾದ್ದರಿಂದ ಇಡೀ ಸಂಖ್ಯೆ 121ರಿಂದ ಭಾಗವಾಗುತ್ತದೆ ಎಂದಳು. ಸರಿಯಾದ ದಾರಿ ಯಾವುದು, ಎಲ್ಲಿ ನಿಲ್ಲಬೇಕು?
— ಕನ್ನಡ ಮಾಧ್ಯಮ ಶಿಕ್ಷಕಿ, ಕಾಸರಗೋಡು

ಉತ್ತರ: ಹುಡುಗಿಯ ಕಣ್ಣು ಚುರುಕಾಗಿದೆ, ಅವಳನ್ನು ಮೊದಲು ಮೆಚ್ಚಿ. 671121 ಅಂದರೆ 671 × 1000 + 121. 671 = 11 × 61, 121 = 11 × 11. ಆದ್ದರಿಂದ 11 ಭಾಗಿಸುವುದು ಖಂಡಿತ. 121 ಭಾಗಿಸಬೇಕಾದರೆ 671000ದಲ್ಲೂ ಎರಡು 11 ಇರಬೇಕು. 61ರಲ್ಲೂ ಇಲ್ಲ, 1000ದಲ್ಲೂ ಇಲ್ಲ. ಕೊನೆಯ ಅಂಕಿಗಳನ್ನಷ್ಟೇ ನೋಡಿ ಹೇಳುವ ಉಪಾಯ 4, 8, 25ರಂಥವಕ್ಕೆ ಮಾತ್ರ, ಏಕೆಂದರೆ ಅವು 100ನ್ನೋ 1000ವನ್ನೋ ಭಾಗಿಸುತ್ತವೆ.

ಇದಕ್ಕಿಂತ ಚೆಂದದ ದಾರಿಯೊಂದಿದೆ. ಸಂಖ್ಯೆಯನ್ನು ಎರಡೆರಡು ಅಂಕಿಗಳಾಗಿ ಒಡೆದು ಕೂಡಿಸಿ: 67 + 11 + 21 = 99. ನೂರನ್ನು 99ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಮೊತ್ತ 99ರ ಗುಣಕವಾದರೆ ಸಂಖ್ಯೆಯೂ 99ರ ಗುಣಕ. ಒಂದೇ ಏಟಿಗೆ 9 ಮತ್ತು 11 ಎರಡೂ ಸಿಕ್ಕವು: 671121 = 99 × 6779.

ಇನ್ನು 6779. ಇಲ್ಲಿ ಮಕ್ಕಳು ಮಾಡುವ ತಪ್ಪು, ಒಮ್ಮೆ ತೆಗೆದ 3 ಮತ್ತು 11ನ್ನು ಮತ್ತೆ ನೋಡದಿರುವುದು. ಅಂಕಿಗಳ ಮೊತ್ತ 29, ಆದ್ದರಿಂದ 3 ಇಲ್ಲ. 6 − 7 + 7 − 9 = −3, ಆದ್ದರಿಂದ 11 ಇಲ್ಲ. ಕೊನೆಯ ಅಂಕಿ 9 ಆದ್ದರಿಂದ 2, 5 ಇಲ್ಲ. 7 ಮತ್ತು 13ಕ್ಕೆ ಹುಡುಗಿಯ ಒಡೆತವೇ ಸಾಕು: 671 − 121 = 550, ಅಂದರೆ 671121 = 671 × 1001 − 550; 1001 = 7 × 11 × 13 ಆಗಿರುವುದರಿಂದ, 550ನ್ನು ಭಾಗಿಸದ 7, 13 ಮೂಲ ಸಂಖ್ಯೆಯನ್ನೂ ಭಾಗಿಸುವುದಿಲ್ಲ, ಹಾಗಾಗಿ 6779ನ್ನೂ ಇಲ್ಲ.

83 × 83 = 6889, ಇದು 6779ನ್ನು ದಾಟಿತು. 6779 ಎರಡು ಸಂಖ್ಯೆಗಳ ಗುಣಲಬ್ಧವಾದರೆ ಅವುಗಳಲ್ಲೊಂದು 83ಕ್ಕಿಂತ ಚಿಕ್ಕದಿರಲೇಬೇಕು. ಹಾಗಾಗಿ 17ರಿಂದ 79ರವರೆಗಿನ 16 ಅವಿಭಾಜ್ಯಗಳನ್ನು ಪರೀಕ್ಷಿಸಿದರೆ ಮುಗಿಯಿತು. ಉದ್ದ ಭಾಗಾಕಾರ ಬೇಡ, ಕಳೆಯುತ್ತ ಹೋಗಿ. 61ಕ್ಕೆ: 6779ರಿಂದ 6100, ಆಮೇಲೆ 610, ಆಮೇಲೆ 61 ಕಳೆದರೆ 8 ಉಳಿಯುತ್ತದೆ. 67ಕ್ಕೆ: 67 × 101 = 6767, ಉಳಿಕೆ 12. ಯಾವುದೂ ಪೂರ್ತಿ ಭಾಗಿಸದು, 6779 ಅವಿಭಾಜ್ಯ.

ಉತ್ತರ 3 × 3 × 11 × 6779. ಒಂದು ಭಾಜಕದಲ್ಲಿ 3 ಸೊನ್ನೆ, ಒಂದು ಅಥವಾ ಎರಡು ಸಲ, 11 ಮತ್ತು 6779 ಸೊನ್ನೆ ಅಥವಾ ಒಂದು ಸಲ ಬರಬಹುದು, ಆದ್ದರಿಂದ ಒಟ್ಟು ಭಾಜಕಗಳು 3 × 2 × 2 = 12.

ಚುರುಕಾದ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಬಹುದು: ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದಾಗ ಶೇಷ 1 ಬರುವುದರಿಂದ ಆದೀತು ಅನ್ನಿಸುತ್ತದೆ, ಆದರೆ ಆಗದು. 11ಕ್ಕೂ 6779ಕ್ಕೂ ಶೇಷ 3, ಎರಡೂ ಒಂದೊಂದೇ ಸಲ ಬಂದಿವೆ. ಅಂಥ ಅವಿಭಾಜ್ಯ ಬೆಸ ಸಲ ಬಂದರೆ ಮೊತ್ತ ಸಾಧ್ಯವಿಲ್ಲ. ವರ್ಗಗಳ ವ್ಯತ್ಯಾಸವಾಗಿ ಮಾತ್ರ ಆರು ರೀತಿ ಬರೆಯಬಹುದು, ಭಾಜಕಗಳ ಪ್ರತಿ ಜೋಡಿಗೆ ಒಂದು. 99 ಮತ್ತು 6779ರ ಜೋಡಿಯಿಂದ ಬರುವುದು 3439² − 3340²; ಉಳಿದ ಐದನ್ನು ಅವರೇ ಹುಡುಕಲಿ.