ಕೋವಿಯ ಮೇಲಿನ ಹೂವನ್ನು ತಿಕ್ಕಬೇಡಿ

ಪ್ರಶ್ನೆ: ನಮ್ಮ ಹಳೆಯ ಮನೆಯ ಮಾಡು ಬಿಚ್ಚುವಾಗ ಅಟ್ಟದಲ್ಲಿ ಗೋಣಿತಾಟು ಸುತ್ತಿದ ಉದ್ದನೆಯ ಕೋವಿ ಸಿಕ್ಕಿತು. ಅಜ್ಜ ಎರಡನೇ ಮಹಾಯುದ್ಧದಲ್ಲಿ ಬರ್ಮಾಕ್ಕೆ ಹೋಗಿದ್ದವರು. ನಳಿಗೆಯ ಬುಡದಲ್ಲಿ ಹೂವಿನ ಗುರುತು, ಅದರ ಕೆಳಗೆ ಗೊತ್ತಿಲ್ಲದ ಅಕ್ಷರಗಳಿವೆ. ಫೋಟೋ ಕಳಿಸಿದ್ದೇನೆ. ಇದು ಯಾವುದು? ಮಾರಿದರೆ ಎಷ್ಟು ಬರಬಹುದು?
– ಓದುಗರೊಬ್ಬರು, ಹೊಸನಗರ

ಉತ್ತರ: ಇದು ಜಪಾನಿ ಸೇನೆಯ ಅರಿಸಾಕಾ ರೈಫಲ್. ಸೇನೆಯಲ್ಲಿ ಆಯುಧ ರಿಪೇರಿ ಮಾಡಿಕೊಂಡೇ ಸವೆದ ಕೈ ನನ್ನದು. ಇಂಥ ಫೋಟೋ ಬಂದ ದಿನ ತೋಟದ ಕೆಲಸ ಹಿಂದೆ ಬೀಳುತ್ತದೆ. ಹೂವು ಹದಿನಾರು ಎಸಳಿನ ಸೇವಂತಿಗೆ, ಚಕ್ರವರ್ತಿಯ ಲಾಂಛನ. ಅದರ ಕೆಳಗಿನ ಮೊದಲ ಅಕ್ಷರ ಮೂರು ಅಡ್ಡಗೆರೆ, ಎರಡನೆಯದು ಮನೆಯ ಮಾಡಿನಂತೆ ಎರಡು ಓರೆಗೆರೆ. ಹಾಗಿದ್ದರೆ ಅದು 38ನೇ ಮಾದರಿ. ಜಪಾನಿನ ಮೇಜಿ ಚಕ್ರವರ್ತಿಯ ಆಳ್ವಿಕೆಯ 38ನೇ ವರ್ಷ, ಅಂದರೆ 1905ರ ಮಾದರಿ. ಮೊದಲೆರಡು ಅಕ್ಷರಗಳು ಒಂದೇ ಆಗಿದ್ದರೆ 1939ರ 99ನೇ ಮಾದರಿ. ಅಕ್ಷರ ಸವೆದಿದ್ದರೆ ಹೂವಿನ ಬಳಿಯ ಸಣ್ಣ ತೂತುಗಳನ್ನು ನೋಡಬೇಕು: 38ರಲ್ಲಿ ಎರಡು, 99ರಲ್ಲಿ ಒಂದು. ನಿಮ್ಮದರಲ್ಲಿ ಎರಡಿವೆ. ಉದ್ದ ಅಳೆದು ನೋಡಿ, ಸುಮಾರು 128 ಸೆಂಟಿಮೀಟರ್ ಬರಬೇಕು.

ನನ್ನ ಕಣ್ಣು ನಿಂತದ್ದು ಹೂವಿನ ಮೇಲೆಯೇ. 1945ರಲ್ಲಿ ಜಪಾನ್ ಶರಣಾದ ಮೇಲೆ ಒಪ್ಪಿಸಿದ ರೈಫಲ್‌ಗಳಲ್ಲಿ ಬಹಳಷ್ಟರ ಹೂವನ್ನು ಉಜ್ಜಿ ಅಳಿಸಿದ್ದರು. ರಣರಂಗದಲ್ಲಿ ಕೈಗೆ ಸಿಕ್ಕವುಗಳಲ್ಲಿ ಅದು ಹಾಗೆಯೇ ಉಳಿಯಿತು. ನಿಮ್ಮದರಲ್ಲಿ ಒಂದೊಂದು ಎಸಳನ್ನೂ ಎಣಿಸಬಹುದು. ಅಜ್ಜನ ಕಥೆಗೆ ಇದು ಪೂರ್ತಿ ಸಾಕ್ಷಿ ಎನ್ನಲಾರೆ, ಆದರೆ ಕಥೆಗೆ ಹೊಂದುತ್ತದೆ. ಅವರ ಸೇನಾ ದಾಖಲೆ, ಪದಕ, ಕಾಗದ ಪತ್ರ ಏನಿದ್ದರೂ ಒಂದೆಡೆ ಸೇರಿಸಿಡಿ. ಸಂಗ್ರಹಕಾರರಿಗೆ ಕೋವಿಯಷ್ಟೇ ಆ ಕಾಗದವೂ ಮುಖ್ಯ.

ಬೆಲೆಯನ್ನು ನಾನು ಹೇಳುವುದಿಲ್ಲ. ಪರವಾನಗಿಯಿಲ್ಲದ ಬಂದೂಕಿಗೆ ಸಿಗುವುದು ಬೆಲೆಯಲ್ಲ, ಮೊಕದ್ದಮೆ. ದುರಸ್ತಿ ಮಾಡಿದರೂ ಹಾರದ, ಹಳೆಯ ಕಾಲದ ಆಯುಧಕ್ಕೆ 1959ರ ಶಸ್ತ್ರ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ ನಿಜ. ಆದರೆ ನಿಮ್ಮ ಕೋವಿ ಹಾರುತ್ತದೆಯೋ ಇಲ್ಲವೋ ಎಂದು ತೀರ್ಮಾನಿಸುವವರು ನೀವೂ ಅಲ್ಲ, ನಾನೂ ಅಲ್ಲ. ಚುನಾವಣೆ ಬಂದಾಗ ತೋಟದ ಕೋವಿಯನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ಹಾಗೆಂದು ಇದನ್ನು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಬೇಡಿ. ವಕೀಲರ ಮೂಲಕ ಠಾಣೆಗೆ ಲಿಖಿತವಾಗಿ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಪರವಾನಗಿಯ ಅರ್ಜಿ ಆಮೇಲಿನದು. 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ; ಮೊದಲು ಮೂರಿತ್ತು. ಮನೆಯಲ್ಲಿ ಆಗಲೇ ಕೋವಿಗಳಿದ್ದರೆ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ಪರವಾನಗಿ ಇರುವ ನಮ್ಮ ಜಪಾನಿ ರೈಫಲ್‌ನ ಹೆಗಲಿಗೆ ಆನಿಸುವ ಮರದ ಬುಡದಲ್ಲಿ ಉದ್ದಕ್ಕೆ ಗೆರೆ ಕಾಣುತ್ತದೆ, ಬಣ್ಣವೂ ಹಕ್ಕಳೆ ಎದ್ದಿದೆ. ಮರಗೆಲಸದವರಿಗೆ ಕೊಟ್ಟು ಅಂಟು ಹಾಕಿಸಿ ವಾರ್ನಿಷ್ ಹೊಡೆಸಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ದಯವಿಟ್ಟು ಕೊಡಬೇಡಿ. ಅದು ಬಿರುಕಲ್ಲ. ಬುಡವನ್ನು ಎರಡು ತುಂಡು ಮರ ಬೆಸೆದೇ ಮಾಡುತ್ತಿದ್ದರು. ದೊಡ್ಡ ಹಲಗೆ ಬೇಕಾಗುತ್ತಿರಲಿಲ್ಲ. ಜಪಾನಿ ರೈಫಲ್ ಎಂದು ದೂರದಿಂದಲೇ ಗುರುತಿಸಲು ಆ ಗೆರೆ ಸಾಕು.

ಮರದ ಮೇಲಿರುವುದು ಉರುಷಿ ಎಂಬ ಮರದ ಸೊನೆಯ ಮೆರುಗು. ನಮ್ಮ ಕಾಡಿನಲ್ಲಿ ಸೊನೆ ತಾಗಿದರೆ ಮೈ ಸುಡುವ ಹೊಳಗೇರು ಇದೆಯಲ್ಲ, ಅದೂ ಆ ಮರವೂ ಒಂದೇ ಕುಟುಂಬದವು. ಒಣಗಿದ ಮೇಲೆ ಭಯವಿಲ್ಲ. ಹಕ್ಕಳೆ ಎದ್ದಿದ್ದರೂ ಅದೇ ಅಸಲು. ಮರಳು ಕಾಗದ ಒಮ್ಮೆ ತಾಗಿದರೆ ಮತ್ತೆ ತರಲಾಗದು. ಮಿರಮಿರ ಮಿಂಚುವ ಹಳೆಯ ಕೋವಿ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಮಳೆಗಾಲದಲ್ಲಿ ಒಣ ಬಟ್ಟೆಯಿಂದ ಒರೆಸಿ, ಕಬ್ಬಿಣದ ಭಾಗಕ್ಕೆ ಮಾತ್ರ ತೆಳುವಾಗಿ ಕೋವಿಯ ಎಣ್ಣೆ ಹಚ್ಚಿ. ತೆಂಗಿನೆಣ್ಣೆ ಬೇಡ, ಜಿಡ್ಡುಗಟ್ಟುತ್ತದೆ. ಚರ್ಮದ ಚೀಲ, ಗೋಣಿ ಎರಡೂ ತೇವ ಹೀರುತ್ತವೆ. ಒಲೆಯ ಮೇಲಿನ ಅಟ್ಟವಂತೂ ಅಡಿಕೆಗೇ ಇರಲಿ.

ಪ್ರಶ್ನೆ: 99ನೇ ಮಾದರಿಯ ಗುಂಡೂ ಬ್ರಿಟಿಷರ .303 ಗುಂಡೂ ಒಂದೇ ಎಂದು ನೆಂಟರೊಬ್ಬರು ಹೇಳುತ್ತಾರೆ. ಹೌದೇ?
– ಓದುಗರು, ಸಾಗರ

ಉತ್ತರ: ಅಲ್ಲ. ಎರಡರ ಸೀಸದ ದಪ್ಪ ಹೆಚ್ಚುಕಡಿಮೆ ಒಂದೇ, ತೋಟಾದ ಹಿತ್ತಾಳೆಯ ಕೊಳವೆಯೇ ಬೇರೆ. ಗೊಂದಲಕ್ಕೆ ಕಾರಣ ಜಪಾನಿ ನೌಕಾಪಡೆ. ಅದರ ಮಷಿನ್‌ಗನ್ನುಗಳು ಬ್ರಿಟಿಷ್ ತೋಟಾದ ನಕಲನ್ನೇ ಹಾರಿಸುತ್ತಿದ್ದವು. 38ನೇ ಮಾದರಿಯದಂತೂ 6.5 ಮಿಲಿಮೀಟರ್. ನೆಂಟರಿಗೆ ಕಾಫಿ ಕೊಟ್ಟು ಕಳಿಸಿ, ಕೋವಿ ಮುಟ್ಟಲು ಕೊಡಬೇಡಿ.

ಪ್ರಶ್ನೆ: ನಮ್ಮಜ್ಜಿ ಹಲಸಿನಕಾಯಿ ಸೀಳುವ ಉದ್ದ ಕತ್ತಿಯ ಹಿಡಿಯ ಬಳಿ ಕೊಕ್ಕೆಯಂಥ ಅಡ್ಡಪಟ್ಟಿ ಇದೆ. ಜಪಾನಿನದಂತೆ, ನಿಜವೇ?
– ಓದುಗರು, ಕೊಪ್ಪ

ಉತ್ತರ: ಅಲಗು ಸುಮಾರು 40 ಸೆಂಟಿಮೀಟರ್ ಇದ್ದು, ಹಿಡಿಯ ತುದಿಯಲ್ಲಿ ಕೋವಿಗೆ ಸಿಕ್ಕಿಸುವ ಕಚ್ಚು ಇದ್ದರೆ 30ನೇ ಮಾದರಿಯ ಬಾಯ್ನೆಟ್ ಇರಬಹುದು. 38, 99 ಎರಡಕ್ಕೂ ಅದೇ ಕೂರುತ್ತದೆ. ಹಳೆಯವುಗಳಿಗೆ ಕೊಕ್ಕೆ ಇತ್ತು, ಯುದ್ಧದ ಕೊನೆಕೊನೆಗೆ ಪಟ್ಟಿ ನೆಟ್ಟಗಾಯಿತು. ಹಿಡಿಯ ಪಕ್ಕದ ಮುದ್ರೆಯ ಫೋಟೋ ಕಳಿಸಿ, ಯಾವ ಕಾರ್ಖಾನೆಯದೆಂದು ನೋಡೋಣ. ಬಾಯ್ನೆಟ್ಟೂ ಶಸ್ತ್ರಗಳ ಪಟ್ಟಿಯಲ್ಲಿದೆ, ವಕೀಲರನ್ನು ಒಂದು ಮಾತು ಕೇಳಿ. ಸಾಣೆ ಹಿಡಿಸಬೇಡಿ, ಅಜ್ಜಿಗೆ ಬೇರೆ ಕತ್ತಿ ಕೊಡಿಸಿ.